ಕ್ಯಾನ್ವಾಸ್ ಹಚ್ಚಿದ ನಕ್ಷೆ

ರೈಲಿಗೆ ಹದಿನಾಲ್ಕು ಅಂಗಿ. ಎರಡು ರಾತ್ರಿಯ ಕೋಣೆಗೆ ಒಂಬತ್ತು ಲಂಗ, ಬಿಸಿನೀರು ಬೇಕೆಂದರೆ ಇನ್ನೊಂದು. ಅರಮನೆಯೊಳಗೆ ಕಾಲಿಡಲು ತಲೆಗೆ ಎರಡು ಜಿಪ್ಪು, ಚಿತ್ರಶಾಲೆಗೆ ಒಂದು ಜೇಬು. ಕೋಟೆಯ ಗೋಡೆ ಹತ್ತುವುದು ಪುಕ್ಕಟೆ, ಮಂಡಿನೋವು ಬೇರೆ. ಟೈಲರಮ್ಮ ಯಾವ ಖರ್ಚನ್ನೂ ಹೊಲಿಗೆಗೆ ಇಳಿಸದೆ ನಂಬಿದವಳಲ್ಲ. ರಾಜಧಾನಿಯನ್ನು ಮೂರು ದಿನ ನೋಡಲು ಮೂರು ವಾರ ಮಷಿನ್ ತುಳಿಯಬೇಕು ಎಂದು ಲೆಕ್ಕ ಬಿತ್ತು. ಆದರೂ ಹೊರಟಳು, ಅದೂ ಒಂದೇ ಒಂದು ತೋಳಿಗಾಗಿ.

ಆ ತೋಳು ರಾಜಧಾನಿಯ ವಸ್ತ್ರ ಸಂಗ್ರಹಾಲಯದಲ್ಲಿ, ಹಿಂದಿನ ಕಾಲದ ಒಬ್ಬ ರಾಣಿಯ ಕೋಟಿನ ಮೇಲಿತ್ತು. ಅದರ ಚಿತ್ರ ಇಪ್ಪತ್ತು ವರ್ಷದಿಂದ ಟೈಲರಮ್ಮನ ಅಂಗಡಿಯ ಗೋಡೆಯಲ್ಲಿತ್ತು. ಭುಜದ ಮೇಲೆ ಬುಗ್ಗೆಯಾಗಿ ಎದ್ದು, ಇವತ್ತಿಗೂ ಜಗ್ಗದೆ ನಿಂತ ತೋಳು. ಟೈಲರಮ್ಮ ಹೊಲಿದ ಬುಗ್ಗೆ ತೋಳಾದರೋ ಎರಡು ಸಲ ಒಗೆದರೆ ಸುಸ್ತಾಗಿ ಮಲಗಿಬಿಡುತ್ತಿತ್ತು. ಮದುವೆ ಬಟ್ಟೆಯ ಗಿರಾಕಿಗಳು ಒಬ್ಬೊಬ್ಬರೇ ಎದುರಿನ ಅಂಗಡಿಗೆ ಜಾರುತ್ತಿದ್ದರು. ಒಂದು ಸಲ ಹತ್ತಿರದಿಂದ ನೋಡಿ ಗುಟ್ಟು ಹಿಡಿದರೆ ಅಂಗಡಿ ಉಳಿದೀತು.

ಜೊತೆಗೆ ಬರುವವಳು ನಾದಿನಿ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ ಅವಳದು. ಹೊರಡುವ ಹಿಂದಿನ ವಾರ ಅಂಗಡಿಯ ಕತ್ತರಿ ಮೇಜಿನ ಮುಂದೆ ಕೂತು ಓದಿದಳು.

"ಅರಮನೆ, ಒಂಬತ್ತು ಗಂಟೆ ಹತ್ತು ನಿಮಿಷದಿಂದ ಹತ್ತೂಕಾಲು. ಅದರಲ್ಲಿ ಐದು ನಿಮಿಷ ಬೆರಗಾಗೋಕೆ."

"ಐದು ಸಾಕೇನೇ?"

"ಜಾಸ್ತಿ ಬೆರಗಾದ್ರೆ ಚಿತ್ರಶಾಲೆ ತಪ್ಪುತ್ತೆ ಅತ್ತಿಗೆ. ನಿಮ್ಮ ತೋಳು ಎಲ್ಲಿ ಹಾಕ್ಲಿ?"

"ಕೊನೇ ದಿನ. ಗುಂಡಿ ಹಚ್ಚೋದು ಯಾವಾಗ್ಲೂ ಕೊನೇಲಿ. ಸೋಮವಾರ ಬೆಳಿಗ್ಗೆ ನೋಡಿ, ಸಂಜೆ ರೈಲು ಹತ್ತೋಣ, ಮರೆಯೋಕೆ ಸಮಯ ಸಿಗಲ್ಲ."

ನಾದಿನಿ ಎಲ್ಲಿಂದಲೋ ತರಿಸಿದ್ದ ರಾಜಧಾನಿಯ ನಕ್ಷೆ ತೆಳ್ಳಗೆ, ಮಡಿಸಿದಲ್ಲೆಲ್ಲ ಹರಿಯುವಂತಿತ್ತು. ಟೈಲರಮ್ಮ ಅದನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದು, ದಿನಕ್ಕೊಂದರಂತೆ ಮೂರು ತುಂಡು ಕತ್ತರಿಸಿದಳು. ಕೈಯಲ್ಲಿ ಗಟ್ಟಿಯಾಗಿರಲಿ ಎಂದು ಕಾಲರ್‌ಗೆ ಹಾಕುವ ಅಂಟಿನ ಕ್ಯಾನ್ವಾಸನ್ನು ಹಿಂಬದಿಗೆಲ್ಲ ಇಟ್ಟು ಇಸ್ತ್ರಿ ಒತ್ತಿದಳು. ಮೂರೂ ತುಂಡು ಹೊಸ ಅಂಗಿಯ ಕಾಲರಿನಂತೆ ನೆಟ್ಟಗೆ ನಿಂತವು.

"ಹಿಂದೆ ಏನೋ ಸಣ್ಣಕ್ಷರದಲ್ಲಿತ್ತು," ಎಂದಳು ನಾದಿನಿ.

"ಜಾಹೀರಾತು ಇರ್ಬೇಕು. ಒಳಮಗ್ಗಲು ಯಾರು ನೋಡ್ತಾರೆ?"

ಶನಿವಾರ, ಭಾನುವಾರ ಎರಡೂ ತುಂಡು ಚೆನ್ನಾಗಿಯೇ ನಡೆದವು. ಅರಮನೆಯಲ್ಲಿ ಟೈಲರಮ್ಮ ಸಿಂಹಾಸನ ಬಿಟ್ಟು ಪರದೆಯ ಅಂಚು ನೋಡುತ್ತ ನಿಂತದ್ದಕ್ಕೆ ಹನ್ನೊಂದು ನಿಮಿಷ ತಡವಾಯಿತು. ಆ ಹನ್ನೊಂದನ್ನು ನಾದಿನಿ ಊಟದಲ್ಲಿ ಕಡಿದಳು.

ಸೋಮವಾರ ಹತ್ತು ಗಂಟೆಗೆ ಇಬ್ಬರೂ ಚೀಲ ಹೊತ್ತು ವಸ್ತ್ರ ಸಂಗ್ರಹಾಲಯದ ಮುಂದೆ ನಿಂತರು. ಬಾಗಿಲಿಗೆ ಅಂಗೈಯಗಲದ ಬೀಗ. ನಾದಿನಿ ಮೂರನೇ ತುಂಡಿನ ಮೂಲೆಯನ್ನು ಉಗುರಿನಿಂದ ಕಿತ್ತಳು. ಕ್ಯಾನ್ವಾಸಿನ ಜೊತೆ ಕಾಗದವೂ ಸುಲಿದು ಬಂದು, ಉಳಿದ ಚೂರಿನಲ್ಲಿ 'ಸೋಮವಾರ ರಜೆ' ಎಂಬಷ್ಟು ಮಾತ್ರ ಕಂಡಿತು.

"ಜಾಹೀರಾತು ಚೆನ್ನಾಗಿದೆ ಅತ್ತಿಗೆ."

"ವೇಳೆ ಬರೆದೋಳು ನೀನು ತಾನೇ? ನಿಮ್ಮ ಡಿಪೋಲಿ ರಜೆ ಅನ್ನೋದೇ ಇಲ್ವಾ?"

"ಬಸ್ಸಿಗೆ ರಜೆ ಇಲ್ಲ. ಬಟ್ಟೆಗೆ ಇರುತ್ತೆ ಅಂತ ನಂಗೇನು ಗೊತ್ತು?"

ಟೈಲರಮ್ಮನಿಗೆ ನಗು ಬರಲಿಲ್ಲ. ಮೂರು ವಾರದ ದುಡಿಮೆ ಬೀಗದ ಆಚೆ ಉಳಿಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟಳು. ದೋಣಿ ಸವಾರಿಗಾದರೂ ಹೋಗೋಣ ಎಂದು ನಾದಿನಿ ರೆಟ್ಟೆ ಹಿಡಿದು ಎಳೆದಳು, ಅವಳು ಕದಲಲಿಲ್ಲ.

ಸ್ವಲ್ಪ ಹೊತ್ತಿಗೆ ಕಟ್ಟಡದ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಕನ್ನಡಕದ ಹೆಂಗಸೊಬ್ಬಳು ಚಹಾದ ಲೋಟ ಹಿಡಿದು ಗಾಳಿಗೆ ಬಂದಳು. ಅವಳ ಎದೆಯ ಮೇಲಿನ ಬಟ್ಟೆಗೆ ದಾರ ಪೋಣಿಸಿದ ಸೂಜಿ ಸಿಕ್ಕಿಸಿತ್ತು, ಮುಂಗೈಗೆಲ್ಲ ನೂಲಿನ ಚೂರು. ಟೈಲರಮ್ಮ ಎದ್ದು ನೆಟ್ಟಗೆ ಅವಳ ಬಳಿ ಹೋದಳು.

"ಎಂಟನೇ ನಂಬರ್ ಸೂಜಿ. ರೇಷ್ಮೆಗೆ ದಪ್ಪ ಆಗಲ್ವಾ?"

ಹೆಂಗಸು ಎದೆ ಮುಟ್ಟಿ ನೋಡಿಕೊಂಡಳು. "ಇದು ಅಸ್ತರಿಗೆ. ರೇಷ್ಮೆಗೆ ಹನ್ನೆರಡು. ನೀವೂ ಈ ಕಸುಬೇನಾ?"

"ಮೂವತ್ತು ವರ್ಷ. ರಜಾ ದಿನವೂ ಕೆಲಸ ಮಾಡಿಸ್ತಾರಾ ನಿಮ್ಮ ಕೈಲಿ?"

"ರಜಾ ದಿನವೇ ಕೆಲಸ. ಜನ ಇರಲ್ಲ. ಗಾಜಿನ ಪೆಟ್ಟಿಗೆಯಿಂದ ಬಟ್ಟೆ ತೆಗೆದು, ತಿರುವಿ ಹಾಕಿ, ಹರಿದಿದ್ದು ಹೊಲಿಯೋದು. ಇವತ್ತು ರಾಣಿ ಕೋಟಿನ ಸರದಿ."

ಟೈಲರಮ್ಮ ಸುತ್ತಿ ಬಳಸಲಿಲ್ಲ. ತೋಳಿನ ಕಥೆ, ಗಿರಾಕಿಗಳ ಕಥೆ, ಇಸ್ತ್ರಿ ಒತ್ತಿದ ನಕ್ಷೆಯ ಕಥೆ, ಮೂರನ್ನೂ ಹೇಳಿದಳು. ಮೂರನೆಯದಕ್ಕೆ ಆ ಹೆಂಗಸು ಚಹಾ ಚೆಲ್ಲುವಷ್ಟು ನಕ್ಕಳು.

"ಕೈ ಹಿಂದೆ ಕಟ್ಕೊಂಡು ಬರ್ತೀರಾ? ಹತ್ತೇ ನಿಮಿಷ. ಒಬ್ರೇ."

"ನಾನು?" ಎಂದಳು ನಾದಿನಿ.

"ನೀನು ಚೀಲ ನೋಡ್ಕೋ," ಎಂದು ಟೈಲರಮ್ಮ ಹಿಂದಿರುಗಿಯೂ ನೋಡದೆ ಒಳಗೆ ಹೋದಳು.

ಉದ್ದನೆಯ ಮೇಜಿನ ಮೇಲೆ, ಬಿಳಿ ಬಟ್ಟೆಯ ಹಾಸಿನಲ್ಲಿ, ಕೋಟು ಒಳಮಗ್ಗಲಾಗಿ ಮಲಗಿತ್ತು. ಗಾಜಿನಾಚೆಯಿಂದ ನೂರು ವರ್ಷ ನೋಡಿದ್ದರೂ ಇದು ಕಾಣುತ್ತಿರಲಿಲ್ಲ. ಭುಜದ ಹೊಲಿಗೆಯ ಕೆಳಗೆ ನೆರಿಗೆ ಹಿಡಿದ ಬೆರಳಗಲದ ಒರಟು ಪಟ್ಟಿಯೊಂದು, ತೋಳಿಗಲ್ಲ, ತೋಳು ಕೂಡುವ ಕಂಕುಳ ಸುತ್ತಿನ ಅಂಚಿಗೆ ನಾಲ್ಕೇ ಸಡಿಲ ಹೊಲಿಗೆಯಲ್ಲಿ ನೇತಾಡುತ್ತಿತ್ತು. ತೋಳು ಅದರ ಮೇಲೆ ಸುಮ್ಮನೆ ಕೂತಿತ್ತು. ಟೈಲರಮ್ಮ ಇಷ್ಟು ವರ್ಷ ತೋಳನ್ನೇ ಬಿಗಿ ಮಾಡಲು ಹೆಣಗಿದ್ದಳು. ಇಲ್ಲಿ ಯಾವುದೂ ಬಿಗಿಯಿರಲಿಲ್ಲ. ಎಡದ ಪಟ್ಟಿ ನಾರಿನದು, ಬಲದ್ದು ಯಾವುದೋ ಹಳೆಯ ಚೀಲದ ಬಟ್ಟೆ. ಕೊನೆಯ ಎರಡು ಹೊಲಿಗೆ ಸೊಟ್ಟಗಿದ್ದವು.

"ಪಾಪ ಹೊಲಿದೋರು! ರಾಣಿಯೂ ನಾಳೆಗೇ ಬೇಕು ಅಂತ ಕೂತಿರ್ಬೇಕು," ಎಂದಳು ಟೈಲರಮ್ಮ.

ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಹೊರಗೆ ಬಂದಾಗ ನಾದಿನಿ ಎರಡು ಚೀಲಗಳ ನಡುವೆ ಬಿಸಿಲಿಗೆ ಕೆಂಪಗಾಗಿ, ಮುಖ ಊದಿಸಿಕೊಂಡು ಕೂತಿದ್ದಳು. ದೋಣಿ ಹೋಗಿಯಾಗಿತ್ತು.

ಆಮೇಲೆ ಟೈಲರಮ್ಮ ಹೊಲಿದ ಬುಗ್ಗೆ ತೋಳು ಎಷ್ಟು ಒಗೆದರೂ ಮಲಗಲಿಲ್ಲ. ಆ ವರ್ಷ ಹನ್ನೊಂದು ಮದುವೆಯ ಗಿರಾಕಿಗಳು ಅವಳ ಅಂಗಡಿಗೆ ಮರಳಿ ಬಂದರು. ನಾದಿನಿ ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟಳು.