ಆರು ಗಂಟೆಯ ನಾಡಿ

"ಇದನ್ನ ವಾರ್ಡ್ ಅಂತಾರಾ? ದನದ ಕೊಟ್ಟಿಗೆ ಇದಕ್ಕಿಂತ ಅಚ್ಚುಕಟ್ಟಾಗಿರುತ್ತೆ! ಖ್ಹೂಂ. ನಿನ್ನನ್ನ ಇನ್‌ಚಾರ್ಜ್ ಮಾಡಿದ್ದಕ್ಕೆ ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು."

ಮೇಟ್ರನ್ ಹೀಗೆ ಉಗಿಯುವಾಗ, ವಾರ್ಡಿನವರೆಲ್ಲ ಅಕ್ಕ ಎಂದು ಕರೆಯುವ ಇನ್‌ಚಾರ್ಜ್ ನರ್ಸು ಇಪ್ಪತ್ತೆರಡನೇ ಹಾಸಿಗೆಯ ಅಜ್ಜಿಯ ಕೆಳಗಿನಿಂದ ಬೆಡ್‌ಪ್ಯಾನ್ ಎಳೆಯುತ್ತಿದ್ದಳು. ತುಂಬಿದ ಪ್ಯಾನ್ ಹಿಡಿದುಕೊಂಡು ತಲೆ ತಗ್ಗಿಸುವುದು ಸುಲಭವಲ್ಲ. ತಗ್ಗಿಸಿದಷ್ಟೂ ಮೂಗು ಅದಕ್ಕೇ ಹತ್ತಿರ. ಆದರೂ ತಗ್ಗಿಸಿದಳು.

"ಮೇಡಂ, ನಲವತ್ತು ಹಾಸಿಗೆ. ನನ್ನನ್ನೂ ಸೇರಿಸಿ ಮೂರೇ ಜನ. ಇನ್ನಿಬ್ಬರನ್ನ ಕೊಡಿ ಅಂತ ಬರೆದು ಕೊಟ್ಟಿದ್ದೆ..."

"ಜನ ಕೇಳೋಕೆ ಯಾವ ಕತ್ತೆಗೂ ಬರುತ್ತೆ. ಇರೋರಲ್ಲಿ ನಡೆಸೋದಕ್ಕೆ ಲೀಡರ್‌ಶಿಪ್ ಅಂತಾರೆ. ಖ್ಹೂಂ."

ಆ 'ಖ್ಹೂಂ' ಮೇಟ್ರನ್ನಳ ಮೊಹರು. ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುವ ಸದ್ದು. ಅದು ಬಿದ್ದ ಮಾತು ಆಜ್ಞೆ, ಬೀಳದ ಮಾತು ಬರೀ ಬೈಗುಳ. ಮೂರು ತಿಂಗಳ ಹಿಂದೆ ಇನ್‌ಚಾರ್ಜ್ ಆದಾಗ ಅಕ್ಕನಿಗೆ ಹೆಚ್ಚಿಗೆ ಸಿಕ್ಕಿದ್ದು ಬೀರುವಿನ ಬೀಗದ ಕೈ ಮತ್ತು ಇದು.

ಮೇಟ್ರನ್ ಬೆನ್ನು ತಿರುಗಿಸಿದ್ದೇ ತಡ, ಹದಿನೇಳನೇ ಹಾಸಿಗೆಯ ಪರದೆಯ ಹಿಂದಿನಿಂದ ಅದೇ ದನಿ ಗುಡುಗಿತು: "ಖ್ಹೂಂ! ಏ ಆಯಾ, ಬಕೆಟ್ ಎಲ್ಲೇ? ಮಲಗೋಕೆ ಸಂಬಳ ಕೊಡ್ತೀವಾ?"

ಹಾಸಿಗೆಯಲ್ಲಿದ್ದ ಮುದುಕಿ ಧಡಕ್ಕನೆ ಎದ್ದು ಕೂರಲು ಹೋಗಿ, "ಬಂದೆ ಅಮ್ಮಾವ್ರೇ!" ಎಂದಳು. ಪರದೆ ಸರಿಸಿ ಗಿಳಿ ಮುಖ ಹೊರಹಾಕಿದಳು. ಗಿಳಿ ಅಂದರೆ ವಾರ್ಡಿನ ನರ್ಸುಗಳಲ್ಲಿ ಎರಡನೆಯವಳು. ಡಾಕ್ಟರರಿಂದ ಹಿಡಿದು ಲಿಫ್ಟಿನ ಕಿರುಗುಟ್ಟುವಿಕೆಯವರೆಗೆ ಎಲ್ಲವೂ ಅವಳ ಗಂಟಲಿನಲ್ಲಿತ್ತು.

"ಥೂ ಮುಂಡೇದೇ!" ಎಂದು ಮುದುಕಿ ನಕ್ಕಳು. ಅಕ್ಕಪಕ್ಕದ ಹಾಸಿಗೆಗಳೂ ನಕ್ಕವು, ಆದರೆ ಏಮಾರಿದವಳ ನಗುವೇ ಎಲ್ಲರಿಗಿಂತ ಜೋರು. ನಕ್ಕು ನಕ್ಕು ಉಸಿರು ಹತ್ತಿತು. ಅಕ್ಕ ಓಡಿಬಂದು ಬೆನ್ನು ನೀವಿದಳು.

ಆ ಮುದುಕಿಯನ್ನು ಎಲ್ಲರೂ ಆಯಮ್ಮ ಎನ್ನುತ್ತಿದ್ದರು. ಇದೇ ವಾರ್ಡಿನಲ್ಲಿ ಮೂವತ್ತು ವರ್ಷ ಬೆಡ್‌ಪ್ಯಾನ್ ಎತ್ತಿದವಳು, ಅಕ್ಕ ಹೊಸದಾಗಿ ಕೆಲಸಕ್ಕೆ ಬಂದಾಗ ಹಾಸಿಗೆಯ ಚಾದರದ ಮೂಲೆ ಮಡಿಸುವುದನ್ನು ಕಲಿಸಿದವಳು. ಈಗ ಹೃದಯ ಸೋತು ಅದೇ ವಾರ್ಡಿನ ರೋಗಿ.

"ನೀನೂ ಒಂದ್ಸಲ ಮಾಡೇ ಮಗಾ, ಆ ಖ್ಹೂಂನ," ಎಂದು ಅಕ್ಕನ ಗಲ್ಲ ಹಿಡಿದಳು.

"ನನಗೆಲ್ಲಿ ಬರುತ್ತೆ ಆಯಮ್ಮ? ನನ್ನ ಗಂಟಲು ಬರೀ 'ಆಯ್ತು ಮೇಡಂ' ಅನ್ನೋಕೆ ಇರೋದು."

ಹನ್ನೊಂದೂವರೆಗೆ ಮೇಜಿನ ಫೋನು ಹೊಡೆದುಕೊಂಡಿತು. ಅಕ್ಕ ಎತ್ತಿಕೊಂಡಳು. ಎದುರಿಗೇ, ಹತ್ತು ಹೆಜ್ಜೆ ದೂರದಲ್ಲಿ, ಗಿಳಿ ಆಯಮ್ಮನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದಳು.

"ಖ್ಹೂಂ. ತಪಾಸಣೆಯವರು ಸಂಜೆ ಏಳಕ್ಕೆ ಬರ್ತಾರೆ. ನಿನ್ನ ಇಬ್ಬರನ್ನೂ ಊಟಕ್ಕೆ ಮುಂಚೆ ತೀವ್ರ ನಿಗಾ ಘಟಕಕ್ಕೆ ಕಳಿಸು, ಅಲ್ಲಿ ನರ್ಸುಗಳ ತಲೆ ಲೆಕ್ಕ ಕಮ್ಮಿ ಇದೆ. ಹೋಗೋದರೊಳಗೆ ಸಂಜೆ ಆರರವರೆಗಿನ ಚಾರ್ಟೆಲ್ಲ ತುಂಬಿಸಿಬಿಡು."

"ಮೇಡಂ, ಆರು ಗಂಟೆ ನಾಡಿ ಈಗಲೇ ಹೇಗೆ..."

"ನಿನ್ನೆ ಎಷ್ಟಿತ್ತೋ ಅದರ ಆಸುಪಾಸಲ್ಲಿ ಬರಿ. ಒಂದು ಖಾನೆ ಖಾಲಿ ಕಂಡರೆ ಆ ಕುರ್ಚೀಲಿ ನೀನಿರಲ್ಲ. ಖ್ಹೂಂ."

ಮೂವರೂ ಕೂತು ಬರೆದರು. ಹೊಸದೇನಲ್ಲ, ಕೈ ಸಾಲದ ದಿನ ಕೈ ಬರೆಯುತ್ತದೆ, ಕಾಲು ಹೋಗಿ ನೋಡುವುದಿಲ್ಲ. ನಲವತ್ತು ಚಾರ್ಟು, ಎರಡು ಗಂಟೆಯ ಖಾನೆ, ಆರು ಗಂಟೆಯ ಖಾನೆ. ಹದಿನೇಳನೆಯದನ್ನು ಅಕ್ಕನೇ ಬರೆದಳು. ಎರಡಕ್ಕೆ ಎಪ್ಪತ್ತೆಂಟು, ಆರಕ್ಕೆ ಎಪ್ಪತ್ತಾರು. ಆಯಮ್ಮನಿಗೆ ಅಂತ ಒಳ್ಳೊಳ್ಳೆಯ ಅಂಕಿಗಳನ್ನೇ ಆರಿಸಿದಳು.

ಅವರಿಬ್ಬರೂ ಹೋದ ಮೇಲೆ ಅಕ್ಕ ಒಬ್ಬಳೇ. ಮೂವತ್ತೊಂದರ ಡ್ರಿಪ್ ಕಿತ್ತು ರಕ್ತ ಸುರಿಯಿತು. ಐದನೆಯವಳು ವಾಂತಿ ಮಾಡಿಕೊಂಡಳು. ಒಂಬತ್ತು ಮಂಚದಿಂದ ಇಳಿದು ಬಿತ್ತು. ಎರಡು ಗಂಟೆ ಹೊಡೆದಾಗ ಚಾರ್ಟುಗಳತ್ತ ಕಣ್ಣು ಹಾಯಿಸಿದಳು. ಎಲ್ಲ ತುಂಬಿದ್ದವು. ತಾನೇ ತುಂಬಿದ್ದು ಎಂಬುದು ಗೊತ್ತಿದ್ದೂ, ತುಂಬಿದ ಖಾನೆ ಕಂಡ ಕಣ್ಣು ಅಭ್ಯಾಸಬಲದಿಂದ ಮುಂದೆ ಹೋಯಿತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಹದಿನೇಳರ ಬಳಿ ಹೋದಳು. ಆಯಮ್ಮನ ಒಂದು ಕೈ ಮಂಚದಾಚೆ ಜೋತುಬಿದ್ದಿತ್ತು. ನೆಲದ ಮೇಲಿದ್ದ ಪಕ್ಕದವಳ ಬೆಡ್‌ಪ್ಯಾನನ್ನು, ಓಡಾಡುವವರ ಕಾಲಿಗೆ ತಾಗದಂತೆ ಮಂಚದಡಿಗೆ ತಳ್ಳಲು ಹೋದ ಕೈ. ಮಣಿಕಟ್ಟು ತಣ್ಣಗಿತ್ತು.

"ಕರೀತೀನಿ ಅಂದೆ ಕಣಮ್ಮ," ಎಂದು ಪಕ್ಕದವಳು ಬಿಕ್ಕಿದಳು. "ಎದೆ ಹಿಡ್ಕೊಂಡಿದ್ಲು. ಬ್ಯಾಡ, ನಮ್ಮ ಹುಡುಗಿ ಒಬ್ಬಳೇ ಓಡಾಡ್ತಾ ಇದಾಳೆ, ಅವಳ ಕೆಲಸ ಮುಗೀಲಿ ಅಂದ್ಲು."

ಡಾಕ್ಟರು ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿ ಹೋದರು. ಅಕ್ಕ ಮುಸುಕು ಎಳೆದಳು. ಅಷ್ಟರಲ್ಲಿ, ಏಳಕ್ಕೆ ಬರಬೇಕಾದ ತಪಾಸಣೆಯವರು ಮೂರೂವರೆಗೇ ಬಾಗಿಲಲ್ಲಿದ್ದರು, ಅವರ ಹಿಂದೆ ಮೇಟ್ರನ್.

ಮುಂದಿದ್ದವಳು ಕನ್ನಡಕದ ಹೆಂಗಸು, ಮಾತು ಕಮ್ಮಿ. ಹದಿನೇಳರ ಕಾಲ್ದೆಸೆಯ ಚಾರ್ಟು ಎತ್ತಿ ಓದಿದಳು, ಗಡಿಯಾರ ನೋಡಿದಳು, ಮುಸುಕು ನೋಡಿದಳು.

"ಈಗಿನ್ನೂ ಮೂರೂವರೆ. ಇವರ ಆರು ಗಂಟೆ ನಾಡಿ ಎಪ್ಪತ್ತಾರು ಅಂತ ಬರೆದೋರು ಯಾರು?"

ಮೇಟ್ರನ್ ಅಕ್ಕನ ರಟ್ಟೆ ಹಿಡಿದು ಬೀರುವಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಸಾವಿನ ಸುದ್ದಿ ಕೇಳಿದ್ದೇ ಬರೆದಿಟ್ಟ ಒಂದು ಹಾಳೆ ಅವಳ ಕೈಯಲ್ಲಿ ಸಿದ್ಧವಾಗಿತ್ತು.

"ಸಹಿ ಹಾಕು. ಫೋನ್ ಮಾಡಿದ್ದು ನಾನಲ್ಲ, ಆ ಗಿಳಿ. ನನ್ನ ದನೀಲಿ ತಮಾಷೆ ಮಾಡಿದಾಳೆ, ನೀನು ನಂಬಿಬಿಟ್ಟೆ. ಇಡೀ ಆಸ್ಪತ್ರೆಗೆ ಗೊತ್ತು ಅವಳ ಚಾಳಿ. ಅವಳು ಹೋಗ್ತಾಳೆ, ನೀನು ಉಳೀತೀಯ."

"ಗಿಳಿ ನನ್ನ ಕಣ್ಣೆದುರಿಗೇ ಇದ್ದಳು, ಮೇಡಂ."

"ಚಾರ್ಟಲ್ಲಿ ಇರೋದು ನಿನ್ನ ಕೈಬರಹ, ಲೌಡಿ. ಹೆಣಕ್ಕೆ ನಾಡಿ ಬರೆದೋಳು ಅಂತ ನೀನೇ ಹೋಗ್ತೀಯ. ಯೋಚನೆ ಮಾಡು."

ಸುದ್ದಿ ಕೇಳಿ ಓಡಿಬಂದ ಗಿಳಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲರ ದನಿ ಇದ್ದ ಗಂಟಲಿನಲ್ಲಿ ಅವಳದೇ ದನಿ ಇರಲಿಲ್ಲ. ಅಕ್ಕ ಹಾಳೆ ಹಿಡಿದು ಹದಿನೇಳರ ಬಳಿಗೆ ಬಂದಳು.

"ಬರೆದೋಳು ನಾನು," ಎಂದಳು ಕನ್ನಡಕದವಳಿಗೆ. "ಎರಡು ಗಂಟೆಗೆ ನೋಡದೆ ಬಿಟ್ಟೋಳೂ ನಾನೇ. ಬರೆಯೋಕೆ ಹೇಳಿದ್ದು..."

ತಡೆದಳು. ಎದೆ ಸೆಟೆಸಿದಳು. ಕತ್ತು ಹಿಂದಕ್ಕೆ ಹೋಯಿತು.

"ಖ್ಹೂಂ! ನಿನ್ನೆ ಎಷ್ಟಿತ್ತೋ ಅದರ ಆಸುಪಾಸಲ್ಲಿ ಬರಿ. ಒಂದು ಖಾನೆ ಖಾಲಿ ಕಂಡರೆ ಆ ಕುರ್ಚೀಲಿ ನೀನಿರಲ್ಲ. ಖ್ಹೂಂ!"

ಮುಳ್ಳು, ಮೀನು, ಗಂಟಲು, ಯಾವುದೂ ಬಿಟ್ಟುಹೋಗಿರಲಿಲ್ಲ.

"ಏನಿದು ನಾಟಕ? ಖ್ಹೂಂ!" ಎಂದು ಮೇಟ್ರನ್ ಕಿರುಚಿದಳು.

ಮೂವತ್ತೊಂದು ಮೊದಲು ಕಿಸಕ್ಕೆಂದಿತು. ಆಮೇಲೆ ಐದು, ಆಮೇಲೆ ಒಂಬತ್ತು. ಎಲ್ಲರಿಗಿಂತ ಜೋರಾಗಿ ಅಕ್ಕ ನಕ್ಕಳು. ಮಂಚದ ಕಂಬಿ ಹಿಡಿದುಕೊಂಡು, ಮೂಗು ಸೋರಿಸಿಕೊಂಡು. ನಗುತ್ತಲೇ ಹಾಳೆಯನ್ನು ನಾಲ್ಕಾಗಿ ಹರಿದು ಬೆಡ್‌ಪ್ಯಾನಿಗೆ ಹಾಕಿದಳು. ನಗುತ್ತಲೇ ಬೀಗದ ಕೈಯನ್ನು ಮೇಟ್ರನ್ನಳ ಅಂಗೈಯಲ್ಲಿಟ್ಟಳು.

ಅವರೆಲ್ಲ ಹೋದ ಮೇಲೆ ಹೆಣ ಒಯ್ಯುವವನು ಗಾಡಿ ತಳ್ಳಿಕೊಂಡು ಬಂದ.

"ಈಗ ಬೇಡಪ್ಪ, ಆರರ ಮೇಲೆ ಬಾ," ಎಂದಳು ಅಕ್ಕ.

"ಹೆಣಕ್ಕೇನಮ್ಮಾ ಟೈಮು?"

"ನಾಡಿ ನೋಡೋದಿದೆ."

ಗಿಳಿ ಪಕ್ಕದಲ್ಲಿ ಬಂದು ಕೂತಳು. ಆರು ಹೊಡೆಯಿತು. ಅಕ್ಕ ಆಯಮ್ಮನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಕೈಗಡಿಯಾರದ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ, ಆ ವಾರ್ಡಿನಲ್ಲಿ ಯಾರಿಗೂ ಸಿಗದ ಇಡೀ ಒಂದು ನಿಮಿಷ, ಎಣಿಸಿದಳು. ಆಮೇಲೆ ಎಪ್ಪತ್ತಾರನ್ನು ಹೊಡೆದುಹಾಕಿ, ಸೊನ್ನೆ ಬರೆದು, ಸಹಿ ಹಾಕಿದಳು.