ರಸ ಹಿಂಡುವ ಸದ್ದು

"ಇನ್ನೊಂದ್ ಸಲ ತಿರ್ಗ್ಸು" ಎಂದು ಪೊನ್ನಮ್ಮ ನಡುಕೋಣೆಯ ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದಳು. ಅಡುಗೆಮನೆಯಲ್ಲಿ ಸೊಸೆ ಸರೋಜ ಗುಂಡಿ ಒತ್ತಿದಳು. ಉದ್ದನೆಯ ಗಾಜಿನ ಪಾತ್ರೆ ಹೊತ್ತ ಯಂತ್ರ ಒಮ್ಮೆ ಗುಡುಗಿ, ಆಮೇಲೆ ಒಂದೇ ಸಮನೆ ಅರಚತೊಡಗಿತು. ಕಪಾಟಿನೊಳಗಿನ ಲೋಟಗಳು ಒಂದಕ್ಕೊಂದು ತಾಗಿ ನಡುಗಿದವು. ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು, ಇಂಥ ಮನೆಯಲ್ಲಿ ತನಗೇನು ಕೆಲಸ ಎಂಬಂತೆ ಕಣದ ಕಡೆ ನಡೆಯಿತು. ಗೋಡೆಯ ಗಡಿಯಾರದ ಲೋಲಕ ಅತ್ತಿತ್ತ ಆಡುವುದು ಪೊನ್ನಮ್ಮನ ಕಣ್ಣಿಗೆ ಕಂಡಿತೇ ಹೊರತು ಅದರ ಟಿಕ್ ಟಿಕ್ ಕಿವಿಗೆ ಬೀಳಲಿಲ್ಲ.

"ಸಾಕು. ಈಗ ಆ ಕುಳ್ಳಂದ್."

ಕುಳ್ಳ ಯಂತ್ರದ ನೆತ್ತಿಯ ಮೇಲೊಂದು ಏಣುಗಳಿದ್ದ ಉಬ್ಬು. ಅರ್ಧ ಕತ್ತರಿಸಿದ ಕಿತ್ತಳೆಯನ್ನು ಅದರ ಮೇಲೆ ಒತ್ತಿ ಹಿಡಿದರೆ ರಸ ಪಕ್ಕದ ಮೂತಿಯಿಂದ ಲೋಟಕ್ಕೆ ಇಳಿಯುತ್ತಿತ್ತು. ಅದರ ಸದ್ದೆಂದರೆ ಜೇನುಹುಳ ಗುಂಯ್‌ಗುಟ್ಟಿದಷ್ಟೇ. ಗಡಿಯಾರ ಕೇಳಿಸಿತು, ಹಿತ್ತಲ ಕೋಳಿ ಕೇಳಿಸಿತು, ಸರೋಜಳ ಬಳೆಯೂ ಕೇಳಿಸಿತು. ಪೊನ್ನಮ್ಮನಿಗೆ ಹಿತವೆನಿಸಿತು. ಮನೆಯೊಳಗೆ ನಡೆಯುವುದೆಲ್ಲ ಯಜಮಾನಿಯ ಕಿವಿಗೆ ಬೀಳಬೇಕು ಎನ್ನುವುದು ಅವಳ ಲೆಕ್ಕ. ಸೊಂಟದಲ್ಲಿ ಬೀಗದ ಕೈ ಗೊಂಚಲು ತೂಗಿಸಿಕೊಂಡು ಓಡಾಡಿದರಷ್ಟೇ ಯಜಮಾನಿಕೆ ಉಳಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನೆಲ್ಯಹುದಿಕೇರಿಯ ಆಚೆಯ ಎಸ್ಟೇಟಿನ ಬಿಳಿ ದೊರೆ ತೋಟ ಮಾರಿ ತನ್ನ ಸೀಮೆಗೆ ಹೊರಟಿದ್ದ. ಅವನ ಬಂಗಲೆಯ ಮೇಜು, ಮಂಚ, ಪಿಂಗಾಣಿಗಳೆಲ್ಲ ಸುತ್ತಲಿನ ಮನೆಗಳಿಗೆ ಹಂಚಿಹೋಗುತ್ತಿದ್ದವು. ಪೊನ್ನಮ್ಮನ ಮಗ ಬೆಳ್ಯಪ್ಪ ಹಣ್ಣಿನ ರಸಕ್ಕೊಂದು ಯಂತ್ರ ಬೇಕೆಂದು ಹೇಳಿಕಳಿಸಿದ್ದಕ್ಕೆ ದೊರೆಯ ಬಟ್ಲರ್ ಜವರಯ್ಯ ವಾರದ ಹಿಂದೆ ಎರಡನ್ನೂ ಜೀಪಿನಲ್ಲಿ ತಂದಿಳಿಸಿದ್ದ. ಮೈಸೂರು ಸೀಮೆಯವನು, ಮಾತು ಧಾರಾಳ. "ಎರಡ್ನೂ ತಿರುಗ್ಸಿ ನೋಡಿ ಅಮ್ಮಾವ್ರೆ. ಒಪ್ಪಿದ್ದು ಮಡೀಕಳಿ, ಇನ್ನೊಂದ ನಾನು ಬಂದು ತಗಂಡೋಯ್ತೀನಿ" ಎಂದು ಹೇಳಿ ಹೋಗಿದ್ದ.

ಯಾವುದು ಒಪ್ಪಿಗೆ ಎನ್ನುವುದರಲ್ಲಿ ಯೋಚಿಸುವುದಕ್ಕೇನಿತ್ತು? ಉದ್ದದ್ದರಲ್ಲಿ ರಸ ತೆಗೆಯಬೇಕಾದರೆ ಕಿತ್ತಳೆ ಸುಲಿಯಬೇಕು, ಬೀಜ ಬಿಡಿಸಬೇಕು, ಅರೆದದ್ದನ್ನು ಬಟ್ಟೆಯಲ್ಲಿ ಸೋಸಬೇಕು, ಅದರ ಮೇಲೆ ಈ ಕೂಗಾಟವನ್ನೂ ಸಹಿಸಬೇಕು. ಕುಳ್ಳನಿಗೆ ಅರ್ಧ ಹಣ್ಣು ಒತ್ತಿದರೆ ಮುಗಿಯಿತು. ಆದರೆ ಸರೋಜ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತು, "ಅತ್ತೆ, ಉದ್ದದ್ದೇ ಇರ್ಲಿ" ಎಂದಳು.

"ರಸ ಹಿಂಡಿಕೆ ಅಷ್ಟ್ ಸದ್ದ್ ಯಾಕೆ ನಿಂಗೆ?"

ಅದರಲ್ಲಾದರೆ ಮಸಾಲೆಯನ್ನೂ ಅರೆಯಬಹುದು ಎಂದು ಸರೋಜ ನೆಲ ನೋಡಿಕೊಂಡು ಉತ್ತರ ಕೊಟ್ಟಳು. ಯಂತ್ರ ಮನೆಗೆ ಬಂದಾಗಿನಿಂದ ಒಂದು ಮೆಣಸಿನಕಾಯಿಯನ್ನೂ ಅದಕ್ಕೆ ಹಾಕಿದವಳಲ್ಲ ಅವಳು. ಮಸಾಲೆಗೆ ಕಲ್ಲಿತ್ತು, ಕಲ್ಲಿಗೆ ಆಳು ಕೆಂಚನ ಹೆಂಡತಿ ಇದ್ದಳು. ಪೊನ್ನಮ್ಮ, ಸೊಸೆ ಸುಳ್ಳು ಹೇಳುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡಳು.

ಗಂಟುಗಳು ಅದಾಗಲೇ ಬೇಕಾದಷ್ಟಿದ್ದವು. ಮಳೆಗಾಲ ಕಳೆದಾಗಿನಿಂದ ಮನೆಯ ರೀತಿಯೇ ಬದಲಾಗಿತ್ತು. ಮೊದಲೆಲ್ಲ ಬೆಳ್ಯಪ್ಪ ತೋಟದಿಂದ ಬಂದರೆ ಮುಂಬಾಗಿಲಿನಿಂದಲೇ ಒಳಗೆ ಬಂದು, ಬೂಟು ಬಿಚ್ಚುತ್ತ ತಾಯಿಯ ಹತ್ತಿರ ಒಂದು ಗಳಿಗೆ ಕೂತು ಅಂದಿನ ಕಾಫಿ ಪಿಕ್ಕಿಂಗ್ ಎಷ್ಟಾಯಿತೆಂದು ಹೇಳುತ್ತಿದ್ದ. ಈಗ ಹಿಂಬಾಗಿಲಿನಿಂದ ನೇರ ಅಡುಗೆಮನೆಗೆ. ಅವನು ಬರುವ ಹೊತ್ತಿಗೆ ಸರಿಯಾಗಿ ಸರೋಜ ಕೆಲಸದವರನ್ನು ಏನಾದರೊಂದು ನೆಪ ಹೇಳಿ ಅವರ ಲೈನುಮನೆಗಳಿಗೆ ಕಳಿಸಿಬಿಡುವಳು. ಕದ ಮುಚ್ಚಿಕೊಳ್ಳುವುದು. ಯಂತ್ರ ಬಂದ ಮೇಲೆ ಒಳಗೆ ಅದರ ಅರಚಾಟ ಬೇರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನಡೆಯುವ ಸಂಜೆ ಹೊತ್ತಿಗೆ ಮಾತ್ರ ಡೈನಮೊ ಓಡಿ ಮನೆಗೆ ಕರೆಂಟು ಬರುತ್ತಿತ್ತು. ಹಾಗಾಗಿ ಆ ಹೊತ್ತು ಬಿಟ್ಟರೆ ಯಂತ್ರಕ್ಕೆ ಬೇರೆ ಹೊತ್ತಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ಒಂದು ಲೋಟ ರಸಕ್ಕೆ ಅಷ್ಟು ಹೊತ್ತು ತಿರುಗಬೇಕೆ?

ಇಷ್ಟೇ ಆಗಿದ್ದರೆ ಗಂಡ ಹೆಂಡಿರ ಸರಸ ಎಂದು ಪೊನ್ನಮ್ಮ ಮುಸಿನಕ್ಕು ಬಿಟ್ಟುಬಿಡುತ್ತಿದ್ದಳೇನೊ. ಬೆಳ್ಯಪ್ಪನ ತಟ್ಟೆ, ಲೋಟ ಬೇರೆಯಾಗಿದ್ದವು. ಅವನ್ನು ಸರೋಜ ಯಾರ ಕೈಗೂ ಕೊಡದೆ ಬಿಸಿನೀರಿನಲ್ಲಿ ತಾನೇ ತೊಳೆದು ಬೇರೆ ಕಟ್ಟೆಯ ಮೇಲೆ ಕವುಚಿಡುತ್ತಿದ್ದಳು. ಲೋಟ ಬೇರೆಯಾದ ಮನೆಯಲ್ಲಿ ಒಲೆ ಬೇರೆಯಾಗುವುದಕ್ಕೆ ಎಷ್ಟು ದಿನ ಬೇಕು? ಲೆಕ್ಕಪತ್ರದ ಕೆಲಸ ಹೆಚ್ಚಿದೆಯೆಂದು ಬೆಳ್ಯಪ್ಪ ಆಫೀಸು ಕೋಣೆಯಲ್ಲೇ ಮಲಗತೊಡಗಿದ್ದ. ಮೇಲಿಂದ ಮೇಲೆ ಮೈಸೂರಿಗೆ ಹೋಗುತ್ತಿದ್ದ. ಯಾಕೆ ಎಂದು ಕೇಳಿದರೆ ಕಾಫಿ ವಿಷಯ ಎನ್ನುತ್ತಿದ್ದ.

ಮೈಸೂರಿನ ಗುಟ್ಟು ಬಿಡಿಸಿ ಹೇಳಿದವಳು ನಾದಿನಿ ಬೊಳ್ಳಮ್ಮ. ಕೆಳಗಿನ ತೋಟದಲ್ಲಿದ್ದ ಅವಳಿಗೆ ಊರವರ ತಲೆಗೆ ಹುಳ ಬಿಡುವುದೆಂದರೆ ಊಟಕ್ಕಿಂತ ರುಚಿ. ಕೊಡಗು ರಾಜ್ಯವನ್ನು ಮೈಸೂರಿಗೆ ಸೇರಿಸುತ್ತಾರೆಂಬ ಸುದ್ದಿ ಆಗ ಮಡಿಕೇರಿಯಿಂದ ಕಕ್ಕಬೆಯವರೆಗೆ ಎಲ್ಲರ ಬಾಯಲ್ಲೂ ಇತ್ತು. ಬುದ್ಧಿವಂತರು ಈಗಲೇ ಮೈಸೂರಿನಲ್ಲಿ ಮನೆ ಹಿಡಿಯುತ್ತಿದ್ದಾರಂತೆ, ತೋಟದಲ್ಲಿ ಪಾಲು ತೆಗೆದುಕೊಂಡು ಮಾರಿ ಹೋಗುವ ಯೋಚನೆ ಎಷ್ಟೋ ಸೊಸೆಯರಿಗಿದೆಯಂತೆ ಎಂದು ಬೊಳ್ಳಮ್ಮ ಎಲೆಗೆ ಸುಣ್ಣ ಸವರುತ್ತ ಹೇಳಿದಳು. ಆಮೇಲೆ ಅಡುಗೆಮನೆಯ ಕಡೆ ಗಲ್ಲ ಎತ್ತಿ ತೋರಿಸಿ, "ಸದ್ದ್ ಯಾಕೆ ಬೇಕ್ ಹೇಳಿ ನಿಂಗೆ ಗೊತ್ತಾತ್ಲೆನಾ ಅತ್ತಿಗೆ? ಅದ್ರ ಒಳಗೆ ಎಂತ ಮಾತಾಡ್ರೂ ಹೊರಗೆ ಕೇಳ್ತಿಲ್ಲೆ" ಎಂದಳು.

ಆ ಮಾತು ಪೊನ್ನಮ್ಮನ ಎದೆಯಲ್ಲಿ ಮುಳ್ಳಾಡಿಸಿತು. ಅವಳಿಗೆ ತೋಟದ ಚಿಂತೆ ಅಷ್ಟಾಗಿ ಇರಲಿಲ್ಲ. ಹಿರಿಯ ಮಗ ಬೋಜಪ್ಪ ತೀರಿಕೊಂಡ ಮೇಲೆ ಅವಳಿಗೆ ಉಳಿದವನು ಇವನೊಬ್ಬ. ಇವನನ್ನೂ ಯಾರೋ ಕೈಹಿಡಿದು ಕರೆದೊಯ್ದರೆ ಈ ದೊಡ್ಡ ಬಂಗಲೆಯ ಬೀಗಗಳನ್ನು ಯಾರಿಗಾಗಿ ಹಾಕುವುದು, ಯಾರಿಗಾಗಿ ತೆಗೆಯುವುದು? ಬಾಯಿಬಿಟ್ಟು ಕೇಳೋಣವೆಂದರೆ, ಹೌದು ಎಂದುಬಿಟ್ಟಾನು ಎಂಬ ಹೆದರಿಕೆ. ಹೀಗಾಗಿ ಅವಳು ಕೇಳದೆ ಕಾದಳು. ಕಾದಷ್ಟೂ ಸೊಸೆಯ ಮೇಲೆ ಸಿಟ್ಟು ಬಲಿಯಿತು.

ಜವರಯ್ಯ ಮತ್ತೆ ಬಂದಾಗ ಸರೋಜ ಹೊಳೆಯ ಕಡೆಯ ತೋಟಕ್ಕೆ ಹೋಗಿದ್ದಳು. ಪೊನ್ನಮ್ಮನಿಗೆ ಅಂಥದೊಂದು ಅವಕಾಶವೇ ಬೇಕಾಗಿತ್ತು. ಪೆಟ್ಟಿಗೆಯಿಂದ ದುಡ್ಡು ತೆಗೆದು ಕೊಟ್ಟು, ಕುಳ್ಳ ಯಂತ್ರ ಇರಲಿ, ಉದ್ದದ್ದನ್ನು ಈಗಿಂದೀಗಲೇ ಹೊತ್ತುಕೊಂಡು ಹೋಗು ಎಂದಳು. ಜವರಯ್ಯ ಅದನ್ನು ಗೋಣಿಯಲ್ಲಿ ಸುತ್ತುತ್ತ, ದೊರೆಸಾನಿಗೂ ಇದರ ಗಲಾಟೆ ಕಂಡರೆ ಆಗುತ್ತಿರಲಿಲ್ಲವೆಂದೂ, ಅಮ್ಮಾವ್ರದು ಸರಿಯಾದ ಆಯ್ಕೆಯೆಂದೂ ಹೊಗಳಿದ. ಜೀಪು ತಿರುವಿನಲ್ಲಿ ಮರೆಯಾದಾಗ ಪೊನ್ನಮ್ಮನಿಗೆ ಕಳ್ಳನ ಏಣಿಯನ್ನೇ ಎತ್ತಿಟ್ಟಷ್ಟು ಸಂತೋಷವಾಯಿತು.

ಸರೋಜ ಬಂದವಳು ಖಾಲಿ ಕಟ್ಟೆಯನ್ನು ನೋಡಿದಳು. ಬುಟ್ಟಿಯ ಕಿತ್ತಳೆಗಳ ಮೇಲೆ ಕೈಯಿಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ.

"ಅದ್‌ನ ಕಳ್ಸಿಬಿಟ್ಟಿರಾ ಅತ್ತೆ?"

"ಕಳ್ಸಿದೆ. ನಂಗೆ ತಲೆ ಸಿಡಿತದೆ."

ಸರೋಜ ಜಗಳವಾಡಿದ್ದರೆ ಪೊನ್ನಮ್ಮನಿಗೆ ಒಂದಿಷ್ಟು ಅನುಮಾನ ಕಡಿಮೆಯಾಗುತ್ತಿತ್ತು. ಯಂತ್ರವೊಂದು ಹೋದದ್ದಕ್ಕೆ ಮನುಷ್ಯರ ಮುಖ ಹೀಗೆ ಬಿಳಿಚಿಕೊಳ್ಳುತ್ತದೆಯೆ? ಸಿಕ್ಕಿಬಿದ್ದಳು ಎಂದುಕೊಂಡಳು ಅವಳು.

ಸಂಜೆ ಪಲ್ಪಿಂಗ್ ಹೌಸಿನ ಕಡೆ ಡೈನಮೊ ಶುರುವಾಯಿತು. ನಡುಕೋಣೆಯ ಬಲ್ಬು ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ ಹೊತ್ತಿಕೊಂಡಿತು. ಕೆಂಚನ ಹೆಂಡತಿಯನ್ನು ಲೈನಿಗೆ ಕಳಿಸಿದ್ದಾಯಿತು. ಹಿತ್ತಲಲ್ಲಿ ಬೆಳ್ಯಪ್ಪನ ಬೂಟು ಸಪ್ಪಳವಾಯಿತು. ಅಡುಗೆಮನೆಯ ಕದ ಮುಚ್ಚಿತು. ಪೊನ್ನಮ್ಮ ಬೀಗದ ಕೈ ಗೊಂಚಲು ಸದ್ದು ಮಾಡದಂತೆ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು, ಬರಿಗಾಲಲ್ಲಿ ಮನೆಯೊಳಗಿನ ಓಣಿ ದಾಟಿ, ಮುಚ್ಚಿದ ಕದಕ್ಕೆ ಕಿವಿಗೊಟ್ಟಳು. ತನ್ನದೇ ಮನೆಯಲ್ಲಿ ಕಳ್ಳಹೆಜ್ಜೆ ಇಡಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಆದರೂ ಕಿವಿ ತೆಗೆಯಲಿಲ್ಲ.

ಒಳಗೆ ಕುಳ್ಳ ಯಂತ್ರ ಗುಂಯ್ ಎನ್ನುತ್ತಿತ್ತು. ಪಾಲು, ಮನೆ, ಮೈಸೂರು, ಈ ಮೂರರಲ್ಲಿ ಯಾವ ಮಾತಾದರೂ ಬಂದೀತೆಂದು ಅವಳು ಉಸಿರು ಹಿಡಿದಳು. ಮಾತು ಬರಲಿಲ್ಲ. ಇದ್ದಕ್ಕಿದ್ದಂತೆ ಹಿತ್ತಾಳೆ ತಟ್ಟೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಅದು ಉರುಳಿ ನಿಲ್ಲುವ ಮೊದಲೇ ಇನ್ನೊಂದು. ಆಮೇಲೆ ಸೌಟಿನಿಂದ ಬೋಗುಣಿಯನ್ನು ಬಡಿಯುವ ಸದ್ದು. ಹುಚ್ಚೇ ಇವಳಿಗೆ ಎಂದುಕೊಳ್ಳುವಷ್ಟರಲ್ಲಿ ಆ ಬಡಿತಗಳ ಸಂದಿಯಿಂದ, ಹಿಂದಿನ ಬಚ್ಚಲ ಕಡೆಯಿಂದ, ಒಂದು ಕೆಮ್ಮು ಕೇಳಿಸಿತು.

ಒಂದು ಕೆಮ್ಮಿಗೆ ನಿಲ್ಲಲಿಲ್ಲ. ಎದೆಯ ತಳದಿಂದ ಕಿತ್ತು ಬಂದು, ತಡೆದು, ಮತ್ತೆ ಕಿತ್ತು ಬಂದು, ಕೊನೆಗೆ ಉಸಿರು ಸಿಗದೆ ಎಳೆದುಕೊಳ್ಳುವ ಕೆಮ್ಮು. ಪೊನ್ನಮ್ಮನಿಗೆ ಅದರ ಪರಿಚಯವಿತ್ತು. ಕ್ಷಯ ಹತ್ತಿದ ಬೋಜಪ್ಪನ ಮಂಚದ ಪಕ್ಕ ಚಾಪೆ ಹಾಕಿಕೊಂಡು ಎರಡು ಮಳೆಗಾಲ ಅವಳು ಅದನ್ನೇ ಕೇಳಿದ್ದಳು. ಅವನ ತಟ್ಟೆ, ಲೋಟ ಬೇರೆ ಇಟ್ಟವಳು ಅವಳು, ಬಿಸಿನೀರಿನಲ್ಲಿ ತೊಳೆದವಳು ಅವಳು. ಅದೇ ಕೆಲಸವನ್ನು ಸೊಸೆ ಕಣ್ಣೆದುರಿಗೆ ಮಾಡುತ್ತಿದ್ದರೂ ಗುರುತು ಹತ್ತಲಿಲ್ಲವಲ್ಲ. ಕದಕ್ಕೆ ಒರಗಿದ್ದರಿಂದ ಕದ ತಾನಾಗಿಯೇ ತೆರೆದುಕೊಂಡಿತು.

ಸರೋಜ ಒಂದು ಕೈಯಲ್ಲಿ ಅರ್ಧ ಕಿತ್ತಳೆಯನ್ನು ಯಂತ್ರಕ್ಕೆ ಒತ್ತಿ, ಇನ್ನೊಂದರಲ್ಲಿ ಸೌಟು ಹಿಡಿದು ನಿಂತಿದ್ದಳು. ಅತ್ತೆಯನ್ನು ಕಂಡು ಸೌಟು ಕೆಳಗಿಟ್ಟಳೇ ಹೊರತು ಯಂತ್ರ ನಿಲ್ಲಿಸಲಿಲ್ಲ. ಹಿಂಬಾಗಿಲಿನಾಚೆ ಬೆಳ್ಯಪ್ಪ ಗೋಡೆಗೆ ಕೈಕೊಟ್ಟು, ಬೆನ್ನು ಈ ಕಡೆ ಮಾಡಿ ಬಾಗಿಕೊಂಡಿದ್ದ. ಅಂಗಿಯೊಳಗೆ ಬೆನ್ನೆಲುಬು ಎದ್ದು ಕಾಣುತ್ತಿತ್ತು. ದಿನಾ ನೋಡುವ ಮಗ ಇಷ್ಟು ಸೊರಗಿದ್ದು ಯಾವಾಗ?

"ಮಳೆಗಾಲಂದ ಈ ಕೆಮ್ಮ್ ಉಟ್ಟು ಅತ್ತೆ" ಎಂದಳು ಸರೋಜ, ಯಂತ್ರದ ಸದ್ದಿಗಿಂತ ತುಸುವೇ ಮೇಲಿನ ದನಿಯಲ್ಲಿ. "ಮೈಸೂರ್ಲಿ ಡಾಕ್ಟ್ರ್ ಸೂಜಿ ಕೊಡ್ತಾ ಒಳೊ. ಈಗ ಇದಕ್ಕೆ ಮದ್ದ್ ಬಂದುಟ್ಟು, ವಾಸಿ ಆಗ್ತದೆ ಹೇಳ್ದೊ. ಹಣ್ಣ್‌ನ ರಸ ಕೊಡಿಕೆ ಹೇಳ್ದೊ."

ಸರೋಜ ಇನ್ನೊಂದು ಅರ್ಧ ಹಣ್ಣನ್ನು ಯಂತ್ರಕ್ಕೆ ಒತ್ತಿದಳು.

"ಬೋಜಪ್ಪ ಬಾವ ಹೋದಾಗ ನೀವು ಹೇಳ್ದಿರಂತೆ. ಇನ್ನೊಂದ್ ಸಲ ಆ ಕೆಮ್ಮ್ ಕೇಳ್ರೆ ನಾ ಬದ್ಕುದಿಲ್ಲೆ ಹೇಳಿ. ಅದಕ್ಕೆ ನಿಮ್ಗೆ ಗೊತ್ತಾಗ್ಬಾರ್ದ್ ಹೇಳಿ ಇವ್ರ್ ನನ್ನ ಕೈಲಿ ಭಾಷೆ ತಕ್ಕೊಂಡೊ. ಇಡೀ ದಿನ ಹೇಂಗೋ ತಡ್ಕೊಂಡವೆ. ಸಂಜೆ ತೋಟದ ಏರು ಹತ್ತಿ ಬಂದ್ಮೇಲೆ ತಡೆಯಿಕೆ ಆಗ್ತಿಲ್ಲೆ."

ಹೇಳಿದ್ದು ನಿಜ. ಹೆಣ ಎತ್ತುವ ಹೊತ್ತಿಗೆ ಎದೆ ಬಡಿದುಕೊಂಡು ಹೇಳಿದ ಮಾತು. ಪೊನ್ನಮ್ಮ ಅದನ್ನು ಎಂದೋ ಮರೆತಿದ್ದಳು. ಅಂದು ಕಂಬಕ್ಕೆ ಒರಗಿ ನಿಂತು ಕೇಳಿದ್ದ ಕಿರಿಯ ಮಗ ಮರೆತಿರಲಿಲ್ಲ. ಇಷ್ಟು ದಿನ ಅವನು ತಾಯಿಯಿಂದ ದೂರ ಕೂತದ್ದು, ಹಿಂಬಾಗಿಲಿನಿಂದ ಬಂದದ್ದು, ಬೇರೆ ಮಲಗಿದ್ದು ಎಲ್ಲ ಆ ಒಂದು ಮಾತಿಗಾಗಿ. ಮತ್ತು ಈ ಹುಡುಗಿ ಅದಕ್ಕೊಂದು ಗದ್ದಲದ ಯಂತ್ರ ಹುಡುಕಿಕೊಂಡಿದ್ದಳು. ಅದನ್ನೂ ತಾನು ಕಿತ್ತುಕೊಂಡು ಕಳಿಸಿಬಿಟ್ಟಿದ್ದಳು. ಸೊಸೆಯ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಬೆಳ್ಯಪ್ಪ ಕರವಸ್ತ್ರದಿಂದ ಬಾಯೊರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದ. ತಾಯಿಯನ್ನು ಕಂಡದ್ದೇ ಕರವಸ್ತ್ರವನ್ನು ಮುಷ್ಟಿಯೊಳಗೆ ಮುದುಡಿಕೊಂಡ. ಕಣ್ಣಲ್ಲಿ ನೀರಿತ್ತು, ಕುತ್ತಿಗೆಯ ನರ ಇನ್ನೂ ಹೊಡೆದುಕೊಳ್ಳುತ್ತಿತ್ತು.

"ಅವ್ವ, ನೀ ಯಾವಾಗ ಬಂದದ್?"

ಪೊನ್ನಮ್ಮ ಅವನ ಕಡೆ ನೋಡಿದಳು, ಅವನ ಮುಷ್ಟಿಯ ಕಡೆ ನೋಡಲಿಲ್ಲ.

"ಈಗಷ್ಟೆ. ಇದ್ ಸಣ್ಣ ಸದ್ದ್‌ಂದ್ ಹೇಳಿ ದುಡ್ಡ್ ಕೊಟ್ಟ್ ಇಟ್ಟ್‌ಕಂಡೆ. ಎಲ್ಲಿ ಸಣ್ಣದ್? ಇದ್ರ ಗಲಾಟೆಲಿ ನಂಗೆ ಒಂದೂ ಕೇಳ್ತಿಲ್ಲೆ."

ಬೆಳ್ಯಪ್ಪ ಹೆಂಡತಿಯನ್ನು ನೋಡಿದ. ಸರೋಜ ಬುಟ್ಟಿಯೊಳಗೆ ಮುಖ ಬಗ್ಗಿಸಿ ಹಣ್ಣು ಆರಿಸುತ್ತಿದ್ದಳು. ಅವನು ಏನೋ ಹೇಳಲು ಹೊರಟು, ಗಂಟಲಲ್ಲಿ ಮತ್ತೆ ಕೆರೆತ ಎದ್ದಂತಾಗಿ, ತುಟಿ ಬಿಗಿಹಿಡಿದು ಎದೆಯನ್ನೇ ಅದುಮಿಕೊಂಡ. ಪೊನ್ನಮ್ಮ ಸೊಸೆಯನ್ನು ಪಕ್ಕಕ್ಕೆ ಸರಿಸಿ ಯಂತ್ರದ ಮುಂದೆ ನಿಂತು, ಕೈಗೆ ಸಿಕ್ಕಿದ ಅರ್ಧ ಕಿತ್ತಳೆಯನ್ನು ಅದರ ನೆತ್ತಿಯ ಮೇಲಿಟ್ಟು ಒತ್ತಿದಳು. ಒತ್ತಿದಷ್ಟೂ ಯಂತ್ರ ಏದುಸಿರು ಬಿಟ್ಟು ಜೋರಾಯಿತು. ಅವಳು ಮಗನಿಗೆ ಬೆನ್ನು ಕೊಟ್ಟುಕೊಂಡೇ, ಈ ಸಲ ಕೊಳಗ ತುಂಬ ಹಣ್ಣು ಬಂದಿದೆಯೆಂದು, ಸಿಪ್ಪೆ ದಪ್ಪವೆಂದು, ಬೊಳ್ಳಮ್ಮನಿಗೆ ಬಾಯಿ ಜಾಸ್ತಿಯೆಂದು ಬಾಯಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋದಳು. ಹಿಂದೆ ಬೂಟುಗಳು ಅವಸರದಿಂದ ಬಚ್ಚಲ ಕಡೆಗೆ ಸರಿದವು.

ಲೋಟ ತುಂಬಿ ರಸ ಕಟ್ಟೆಯ ಮೇಲೆ ಹರಿಯತೊಡಗಿದರೂ ಅವಳು ಕೈ ತೆಗೆಯಲಿಲ್ಲ. ಹಣ್ಣಿನಲ್ಲಿ ಏನೂ ಉಳಿದಿರಲಿಲ್ಲ. ಬರಿಯ ಸಿಪ್ಪೆ ಅವಳ ಅಂಗೈಯಡಿಯಲ್ಲಿ ಗರಗರ ತಿರುಗುತ್ತಿತ್ತು. ಸರೋಜ ಇನ್ನೊಂದು ಕಿತ್ತಳೆಯನ್ನು ಕತ್ತರಿಸಿ ಅತ್ತೆಯ ಕೈಗೆ ಕೊಟ್ಟಳು.