ಮೈಮೇಲೆ ಬಾರದ ದೇವರು

ನಿಡೋಣಿಯ ಪೂಜಾರಿ ಸಿದ್ದರಾಯನ ಮೈಮೇಲೆ ಬೀರದೇವರು ಬರುವುದು ನಿಂತು ಮೂರು ವರ್ಷದ ಮೇಲಾಗಿತ್ತು. ಯಾಕೆ ನಿಂತಿತು ಎಂಬುದನ್ನು ಹೇಳಲು ಊರಿನಲ್ಲಿ ಎಲ್ಲರೂ ಪಂಡಿತರೇ. ಪೂಜಾರಿ ಯಾವುದೋ ಮದುವೆಯಲ್ಲಿ ತಿನ್ನಬಾರದ್ದನ್ನು ತಿಂದಿದ್ದಾನೆ ಎಂದವರು ಅದನ್ನೇ ವಾರಕ್ಕೆರಡು ಸಲ ಚಪ್ಪರಿಸುವವರು. ಗುಡಿಗೆ ಟೈಲ್ಸ್ ಹಾಕಿಸಿದ್ದಕ್ಕೆ ದೇವರು ಮುನಿಸಿಕೊಂಡ ಎಂದವರು ತಮ್ಮ ಬಚ್ಚಲಿಗೂ ಅದೇ ಟೈಲ್ಸ್ ಹಾಕಿಸಿಕೊಂಡವರು. ದೇವರಿಗೇ ಬರುವ ಮನಸ್ಸಿರಲಿಕ್ಕಿಲ್ಲ ಎಂಬ ಸರಳ ಮಾತು ಮಾತ್ರ ಒಬ್ಬರ ತಲೆಗೂ ಹೊಳೆಯಲಿಲ್ಲ.

ಮೊದಲೆಲ್ಲ ಹಾಗಿರಲಿಲ್ಲ. ಅಮಾವಾಸ್ಯೆಯ ದಿನ ಸಿದ್ದರಾಯ ತಣ್ಣೀರು ಸುರಿದುಕೊಂಡು, ಕರಿ ಕಂಬಳಿ ಹೊದ್ದು, ಹಣೆಗೆ ಅರಿಶಿನದ ಭಂಡಾರ ಬಳಿದುಕೊಂಡು ಗದ್ದುಗೆಯ ಮೇಲೆ ಕೂತರೆ ಸಾಕು, ಡೊಳ್ಳು ಬಿಸಿಯಾಗುವುದರೊಳಗೆ ಅಂಗಾಲಿನಿಂದ ಒಂದು ತಂಪು ಮೇಲೇರುತ್ತಿತ್ತು. ಆಮೇಲೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ತನ್ನ ಬಾಯಿಂದ ಯಾವ ಹೇಳಿಕೆ ಬಂತು ಎಂಬುದನ್ನು ಉಳಿದವರಿಂದಲೇ ಕೇಳಿ ತಿಳಿಯಬೇಕಾಗಿತ್ತು. ಈಗಲೂ ಅವನು ಒಂದು ಅಮಾವಾಸ್ಯೆಯನ್ನೂ ತಪ್ಪಿಸುವುದಿಲ್ಲ. ಹಾಗೆಯೇ ಕೂರುತ್ತಾನೆ. ಬರುವುದು ಮೊಣಕಾಲಿನ ನೋವು ಒಂದೇ. ಡೊಳ್ಳಿನವರ ರಟ್ಟೆ ಸೋತ ಮೇಲೆ, "ಇವತ್ತೂ ಬರ್ಲಿಲ್ರಿ. ಹೋಗಿ ಬರ್ರಿ" ಎಂದು ಹೇಳಿ ಎದ್ದುಬಿಡುತ್ತಾನೆ. ಜನಕ್ಕೆ ಇದು ಸಹಿಸಲಾಗದ ಅಪಮಾನ. ದೇವರು ಬೈದರೂ ಕೇಳಿಸಿಕೊಳ್ಳುತ್ತಾರೆ, ದಂಡ ಹಾಕಿದರೂ ಕಟ್ಟುತ್ತಾರೆ, ಸುಮ್ಮನಿದ್ದರೆ ಮಾತ್ರ ಎದ್ದು ಬೇರೆ ದೇವರನ್ನು ಹುಡುಕುತ್ತಾರೆ.

ಬೇರೆ ದೇವರು ದೂರವೇನೂ ಇರಲಿಲ್ಲ. ಸಿದ್ದರಾಯನ ತಮ್ಮನ ಮಗ ಶಿವಲಿಂಗ ವಿಜಯಪುರದ ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ ಹಿಡಿದು, ಹಾಲ್‌ನಲ್ಲೇ ಗದ್ದುಗೆ ಮಾಡಿಕೊಂಡಿದ್ದ. ಅಲ್ಲಿ ಬೀರದೇವರಿಗೆ ರಜೆಯೆಂಬುದೇ ಇಲ್ಲ. ಚಹಾ ಆರುವುದರೊಳಗೆ ಬರುತ್ತಾನೆ. ವಿಡಿಯೋ ಕಾಲ್‌ನಲ್ಲೂ ಬರುತ್ತಾನೆ, ನೆಟ್‌ವರ್ಕ್ ಹೋದರೆ ಹೋಗಿ ನೆಟ್‌ವರ್ಕ್ ಬಂದಾಗ ಮತ್ತೆ ಬರುತ್ತಾನೆ. ಸೊಲ್ಲಾಪುರದ ಭಕ್ತರೊಂದಿಗೆ ಮರಾಠಿ ಕೂಡ ಆಡುತ್ತಾನೆ. ನಿಡೋಣಿಯಲ್ಲಿ ಇಷ್ಟು ಕಾಲ ಇದ್ದ ದೇವರು ಅದನ್ನು ಯಾವಾಗ ಕಲಿತನೋ. ಸಿದ್ದರಾಯ ಒಮ್ಮೆ ಹೋಗಿ ಬಾಗಿಲಲ್ಲಿ ನಿಂತು ನೋಡಿದ್ದ. ಶಿವಲಿಂಗ ಮೈಯೆಲ್ಲ ನಡುಗಿಸುತ್ತ, ಒಂದು ಕಣ್ಣನ್ನು ಹೊರಗೆ ಬಂದು ನಿಂತ ಕಾರಿನ ಮೇಲೆ ಇಟ್ಟಿದ್ದ. ಸಿದ್ದರಾಯ ಒಳಗೆ ಹೋಗಲಿಲ್ಲ. ರಸ್ತೆಗೆ ಬಂದು ಉಗುಳಿ ಬಸ್ಸು ಹತ್ತಿದ.

ಅಂಥವನ ಬಾಯಿಗೆ ಸಿದ್ದರಾಯನ ಒಬ್ಬಳೇ ಮಗಳ ಜೀವ ಸಿಕ್ಕಿಕೊಂಡಿತು.

ಗೀತಾಂಜಲಿಯನ್ನು ತಿಕೋಟಾಕ್ಕೆ ಕೊಟ್ಟಿತ್ತು. ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಒಳ್ಳೆಯ ಮನೆ. ಗಂಡ ಅಪ್ಪು ತಾಯಿಯ ಮುಖ ನೋಡದೆ ಸೀನುವುದೂ ಇಲ್ಲ. ಗೀತಾಂಜಲಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ವಿಜಯಪುರದ ಡಾಕ್ಟರು ಪರೀಕ್ಷೆ ಮಾಡಿಸಿ, ತಡಮಾಡದೆ ಆಪರೇಷನ್ ಆಗಬೇಕು ಎಂದಿದ್ದರು. ಅತ್ತೆ ಮುದುಕವ್ವ ಒಪ್ಪಲಿಲ್ಲ. ಅವಳ ತಂಗಿಯೊಬ್ಬಳು ಆಪರೇಷನ್ನಿಗೆಂದು ಒಳಗೆ ಹೋದವಳು ಹೆಣವಾಗಿ ಹೊರಗೆ ಬಂದಿದ್ದಳು; ಆ ಭಯ ಸುಳ್ಳಲ್ಲ. ದೇವರನ್ನು ಕೇಳೋಣ ಎಂದು ಅಥಣಿ ರಸ್ತೆಗೆ ಹೋದಳು. ಶಿವಲಿಂಗನ ದೇವರು ಆಕಳಿಸುವಷ್ಟು ಸುಲಭವಾಗಿ ಅಪ್ಪಣೆ ಕೊಟ್ಟ: ಮೈಗೆ ಕತ್ತಿ ಸೋಕಬಾರದು, ನಿಂಬೆಹಣ್ಣು ಕಟ್ಟಿ, ಸೋಮವಾರ ಹಿಡಿಯಿರಿ. ಸೋಮವಾರಗಳು ಕಳೆದವು, ಗಂಟು ಬೆಳೆಯಿತು.

ಸಿದ್ದರಾಯ ಕರೆದುಕೊಂಡು ಬರಲು ಹೋಗಿದ್ದ. ಮಗಳೇ ತಲೆ ತಗ್ಗಿಸಿ, "ಅತ್ತಿ ಮಾತ ಮೀರಿ ಬಂದ್ರ ಮತ್ತ ಈ ಬಾಗಲ ತೆರ್ಯಂಗಿಲ್ಲ ಯಪ್ಪಾ. ಎರಡ ಕೂಸ ಅದಾವ" ಎಂದಿದ್ದಳು. ಕಡೆಗೆ ಮುದುಕವ್ವನಿಗೇ ಅನುಮಾನ ಹುಟ್ಟಿ, ಮೂಲ ಗದ್ದುಗೆಯಲ್ಲಿ ಇನ್ನೊಮ್ಮೆ ಕೇಳುತ್ತೇನೆ, ಅಲ್ಲಿ ಏನು ಹೇಳಿಕೆ ಬರುತ್ತದೋ ಅದೇ ಕೊನೆ ಎಂದಳು. ಅಮಾವಾಸ್ಯೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದಳು.

ಆ ದಿನ ಬೆಳಿಗ್ಗೆ ಸಿದ್ದರಾಯನ ಹೆಂಡತಿ ಲಲಿತಾ ಕಂಬಳಿ ಝಾಡಿಸಿ ಗಂಡನ ಕೈಗೆ ಕೊಡುತ್ತ ಹೇಳಿದಳು.

"ಎರಡ ಸರತಿ ಮೈ ನಡಗಸ್ರಿ. ಕೊಯ್ಸರಿ ಅಂತ ಒಂದ ಮಾತ ಅನ್ರಿ. ಮಗಳ ಉಳಿತಾಳ."

"ಅಂವ ಬಂದ್ರ ಅಂತೀನಿ."

"ಬರ್ಲಿಲ್ಲಂದ್ರ?"

"ಬರ್ಲಿಲ್ಲ ಅಂತೀನಿ."

"ನಿಮಗ ಮಗಳಕಿಂತ ಆ ಕಲ್ಲ ಹೆಚ್ಚಾತು" ಎಂದು ಲಲಿತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಕಟ್ಟೆಯ ಮೇಲೆ ರಾಜರತ್ನ ಕಾಯುತ್ತಿದ್ದ. ನಿವೃತ್ತ ಮಾಸ್ತರ, ಸಿದ್ದರಾಯನ ಬಾಲ್ಯದ ಗೆಳೆಯ, ಮನೆಯಲ್ಲಿ ಬುದ್ಧನನ್ನು ಬಿಟ್ಟರೆ ಬೇರೆ ಪಟವಿಲ್ಲ. ದೇವರು ಮೈಮೇಲೆ ಬರುವುದೆಲ್ಲ ಬೊಗಳೆ ಎಂದು ಜೀವಮಾನವಿಡೀ ಜಗಳವಾಡಿದವನು. ಅವನೂ ಅವತ್ತು ಪಕ್ಷ ಬದಲಿಸಿದ್ದ.

"ನಾ ನಂಬಂಗಿಲ್ಲ, ನಿನಗ ಗೊತ್ತೈತಿ. ಆದ್ರ ಇವತ್ತೊಂದಿನ ಕುಣಿ ಮಾರಾಯ. ಇಲ್ಲದ ದೇವ್ರ ಹೆಸರಲೆ ಒಂದ ಸುಳ್ಳ ಹೇಳಿದ್ರ ಯಾರ ಗಂಟ ಹೋಗ್ತೈತಿ?"

"ನಿನಗ ಅಂವ ಇಲ್ಲ. ನನಗ ಬಂದಿಲ್ಲ."

"ಎರಡೂ ಒಂದ ಅಲ್ಲೇನೋ?"

"ಅಲ್ಲ" ಎಂದು ಸಿದ್ದರಾಯ ಗುಡಿಯ ಕಡೆ ನಡೆದ. ನಂಬುವವಳು, ನಂಬದವನು ಇಬ್ಬರೂ ಒಂದೇ ಸುಳ್ಳನ್ನು ಎಷ್ಟು ಪ್ರೀತಿಯಿಂದ ಕೈಗಿಡಲು ಬರುತ್ತಾರಲ್ಲ ಎಂದು ಅವನಿಗೆ ಅಸಹ್ಯವಾಯಿತು. ತನಗೂ ಅದು ಬೇಕೆನಿಸುತ್ತಿದೆ ಎಂಬುದು ಇನ್ನೂ ಹೆಚ್ಚಿನ ಅಸಹ್ಯ.

ಮಧ್ಯಾಹ್ನದ ಹೊತ್ತಿಗೆ ತಿಕೋಟಾದ ಗಾಡಿ ಬಂತು. ಎಷ್ಟೋ ತಿಂಗಳಿಂದ ಈ ಕಡೆ ತಲೆ ಹಾಕದವರೆಲ್ಲ ಗುಡಿಯಲ್ಲಿ ತುಂಬಿದ್ದರು. ಪೂಜಾರಿ ತನ್ನ ಮಗಳ ವಿಷಯಕ್ಕೆ ದೇವರನ್ನು ಹೇಗೆ ಕುಣಿಸುತ್ತಾನೆ ಎಂದು ನೋಡುವ ಕುತೂಹಲ. ಭಕ್ತಿಗೆ ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಮುದುಕವ್ವ ಎದುರಿಗೆ ಕೂತಳು. ಅವಳ ಪಕ್ಕದಲ್ಲಿ ಗೀತಾಂಜಲಿ, ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡು. ಸೊರಗಿದ್ದಳು. ಅಪ್ಪು ಕಂಬದ ಹಿಂದೆ ನಿಂತು ಮೊಬೈಲ್ ನೋಡುತ್ತಿದ್ದ.

ಡೊಳ್ಳು ಶುರುವಾಯಿತು. ಸಿದ್ದರಾಯ ಕಣ್ಣು ಮುಚ್ಚಿದ. ಬಾ ಎಂದ, ಮನಸ್ಸಿನಲ್ಲಿ. ಇದೊಂದು ಸಲ ಬಾ, ಆಮೇಲೆ ನಾನು ಸಾಯುವ ತನಕ ಬರಬೇಡ, ಕೇಳುವುದಿಲ್ಲ. ಅಂಗಾಲು ಬೆಚ್ಚಗೇ ಇತ್ತು. ಒಡೆದ ಕಾಯಿಯ ಮೇಲೆ ನೊಣ ಗುಂಯ್ ಎನ್ನುತ್ತಿತ್ತು. ಕಣ್ಣು ತೆರೆದಾಗ ಮಗಳು ತನ್ನನ್ನೇ ನೋಡುತ್ತಿದ್ದಳು. ಅವಳು ಏನನ್ನೂ ಬೇಡಲಿಲ್ಲ, ಸುಮ್ಮನೆ ನೋಡಿದಳು. ಸಿದ್ದರಾಯನ ಬಲಗಾಲು ನಡುಗತೊಡಗಿತು.

"ಬಂದ, ಬಂದ" ಎಂದಿತು ಗುಂಪು. ಡೊಳ್ಳಿನವರು ಹುರುಪುಗೊಂಡು ಜೋರಾಗಿ ಬಡಿದರು. ಮುದುಕವ್ವ ಎರಡೂ ಕೈ ಮುಗಿದು ಬಾಗಿದಳು. ಸುಳ್ಳು ಅವನ ಹಂಗಿಲ್ಲದೆ ಅರ್ಧ ತಾನೇ ಆಗಿಹೋಗಿತ್ತು. ಉಳಿದರ್ಧಕ್ಕೆ ಎರಡು ಮಾತು ಸಾಕಿತ್ತು. ಅವನ ಬಾಯಿ ತೆರೆಯಿತು ಕೂಡ.

ಸಿದ್ದರಾಯ ಎರಡೂ ಕೈಯಿಂದ ಮೊಣಕಾಲನ್ನು ಹಿಡಿದು ನೆಲಕ್ಕೆ ಒತ್ತಿದ.

"ಡೊಳ್ಳ ನಿಲ್ಲಸ್ರಿ. ಬಂದಿಲ್ಲ. ಅಂಜಿಕಿಗೆ ಕಾಲ ನಡಗೇತಿ."

ಡೊಳ್ಳು ನಿಂತಿತು. ಹಿಂದಿನಿಂದ ಯಾರೋ ನಕ್ಕರು. ಸಿದ್ದರಾಯ ಗದ್ದುಗೆಯಿಂದ ಇಳಿದು, ಕಂಬಳಿ ತೆಗೆದಿಟ್ಟು, ಬೀಗತಿಯ ಎದುರು ಬರೀ ನೆಲದ ಮೇಲೆ ಕೂತ.

"ಬೀಗತ್ಯಾರ, ನನ್ನ ಮಗಳನ ದವಾಖಾನಿಗೆ ಒಯ್ರಿ. ಇದು ದೇವ್ರ ಮಾತಲ್ಲ, ನಂದು."

ಮುದುಕವ್ವನ ಮುಖ ಗಂಟಾಯಿತು. "ನೀವ ತಂದಿ. ತಂದಿ ಏನರೆ ಮಾಡಿ ಮಗಳನ ಉಳಸ್ಕೋತಾನ. ನಿಮ್ಮ ಮಾತ ಕೇಳಾಕ ನಾ ಇಲ್ಲಿಗಿ ಬಂದಿಲ್ಲ."

"ಏನರೆ ಮಾಡಾಂವಿದ್ರ ಈಗ ಮಾಡ್ತಿದ್ದೆ. ಕಾಲ ನಡಗಿತ್ತು, ನೀವ ಕೈ ಮುಗದಿದ್ರಿ. ಕೊಯ್ಸರಿ ಅಂದಿದ್ರ ಮುಗೀತಿತ್ತು. ನಾ ಅನ್ಲಿಲ್ಲ. ಅಂವ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಮೂರ ವರ್ಷಾತು, ಬಾಯಿ ಬಿಟ್ಟಿಲ್ಲ. ಅವನ ಹೆಸರಲೆ ನಿಮಗ ಬ್ಯಾಡ ಅಂದಾಂವ ಯಾರು ಅನ್ನೂದ ನೀವ ವಿಚಾರ ಮಾಡ್ರಿ."

ಅವನ ಮೊಣಕಾಲಿನ ಮೇಲೆ ಬೆರಳೊತ್ತಿದ ಗುರುತು ಇನ್ನೂ ಕೆಂಪಗಿತ್ತು, ಮುದುಕವ್ವ ಅದನ್ನೇ ನೋಡುತ್ತಿದ್ದಳು. ಇವಳು ಎದ್ದು ತಿಕೋಟಾಕ್ಕೆ ಹೊರಟರೆ ಮಗಳನ್ನು ನಾನೇ ಕೊಂದಂತೆ ಎಂದು ಸಿದ್ದರಾಯನಿಗೆ ಚೆನ್ನಾಗಿ ಗೊತ್ತಿತ್ತು.

ಮುದುಕವ್ವ ಎದ್ದಳು. ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ಇಂವ ಮಗಳ ಸಲುವಾಗಿನೂ ಸುಳ್ಳ ಆಡ್ಲಿಲ್ಲ. ಅಪ್ಪೂ, ಗಾಡಿ ವಿಜಯಪುರದ ಕಡೆ ತಿರಗಸ."

ಅಪ್ಪು ಮೊಬೈಲ್ ಜೇಬಿಗಿಟ್ಟು ಓಡಿದ. ಹೇಳುವವರಿದ್ದರೆ ಅವನೂ ಚುರುಕೇ.

ಆಪರೇಷನ್ ಆಯಿತು. ಇನ್ನೂ ಔಷಧಿ, ಇನ್ನೂ ತಪಾಸಣೆ ಇದೆ ಎಂದರು ಡಾಕ್ಟರು, ಆದರೆ ಜೀವಕ್ಕೆ ದಾರಿ ಸಿಕ್ಕಿತು. ಗೀತಾಂಜಲಿ ಸುಧಾರಿಸಿಕೊಳ್ಳಲು ತವರಿಗೆ ಬರುವಷ್ಟರಲ್ಲಿ ನಿಡೋಣಿಯಿಂದ ಜೈನಾಪುರದವರೆಗೆ ಒಂದೇ ಸುದ್ದಿ: ಅವತ್ತು ಬೀರದೇವರು ಸಿದ್ದರಾಯನ ಬಲಗಾಲಿನಲ್ಲಿ ಬಂದಿದ್ದ. ನಕ್ಕವರೇ ಮುಂದೆ ನಿಂತು ಹೇಳುತ್ತಿದ್ದರು. ಶಿವಲಿಂಗನಂತೂ, ತನ್ನ ದೇವರೇ ಅವರನ್ನು ಅಲ್ಲಿಗೆ ಕಳಿಸಿದ್ದು ಎಂದು ಸ್ಟೇಟಸ್ ಹಾಕಿಕೊಂಡ. ದೇವರು ಬಂದಿರಲಿಲ್ಲ ಎಂದು ಸಿದ್ದರಾಯ ಹೇಳಿದಷ್ಟೂ ಜನ, ಎಷ್ಟು ವಿನಯ ನೋಡು ಎಂದು ಕಾಲಿಗೆ ಬಿದ್ದರು. ನಾಲ್ಕು ದಿನ ಅವನು ಆ ಕಾಲನ್ನು ಲುಂಗಿಯೊಳಗೆ ಮುದುಡಿಕೊಂಡೇ ಕೂತ.

ಮುಂದಿನ ಅಮಾವಾಸ್ಯೆಗೆ ಗುಡಿ ಮತ್ತೆ ಕಿಕ್ಕಿರಿಯಿತು. ಅವನು ಕೂತ. ಏನೂ ಬರಲಿಲ್ಲ. ಹಾಗೆಂದೇ ಹೇಳಿ ಎದ್ದ. ಜನ ಗೊಣಗುತ್ತ ಚದುರಿದ ಮೇಲೆ ಕಟ್ಟೆಯ ಮೇಲೆ ತಂದೆ ಮಗಳು ಇಬ್ಬರೇ ಉಳಿದರು.

"ಯಪ್ಪಾ, ಅತ್ತಿ ಅವತ್ತ ಒಲ್ಲೆ ಅಂದಿದ್ರ ನಾ ಸಾಯ್ತಿದ್ದೆ."

"ಹೌದವ್ವ."

"ಹಂಗಾಗಿದ್ರ ಈ ದೇವ್ರನ್ನ ಬಿಟ್ಟಬಿಡ್ತಿದ್ದಿಯೇನು?"

ಸಿದ್ದರಾಯ ಗುಡಿಯ ಒಳಗಿನ ಕತ್ತಲೆಯ ಕಡೆ ಒಮ್ಮೆ ನೋಡಿದ.

"ದಿನಾ ಬಂದು ಇವನ ಮುಂದ ಕುಂತು, ಬಾಯಿಗಿ ಬಂದಂಗ ಬೈತಿದ್ದೆ. ಬಿಟ್ಟಹೋದ್ರ ಯಾರಿಗಿ ಬೈಲಿ?"